ಗುರುವಾರದ ಸಾಲು

ಸೊಹಾರ್ ಬಂದರಿನ ಕಚೇರಿ, ಮೂರನೆಯ ಮಹಡಿ.
ಒಳಗೆ ಹದಿನೆಂಟು ಡಿಗ್ರಿ, ಹೊರಗೆ ನಲವತ್ತಾರು,
ನಡುವೆ ನಿಂತ ಗಾಜು ಆಚೆಕಡೆ ಬೆವರುತ್ತಿತ್ತು.
ಎರಡು ಗಂಟೆಯಿಂದ ಜಗಳ, ಒಂದೇ ಸಾಲಿನ ಮೇಲೆ:
ಸಂಬಳ ಲೆಕ್ಕ ಹಾಕುವ ಪ್ರೋಗ್ರಾಮಿನ
ನಾಲ್ಕು ಸಾವಿರದ ನೂರಾ ಏಳನೆಯ ಸಾಲು.

ಅದು ಹೇಳುವುದಿಷ್ಟೆ:
ದಿನ ಗುರುವಾರವಾಗಿದ್ದರೆ, ಗ್ಯಾಂಗ್ ಏಳಾಗಿದ್ದರೆ,
ಎರಡು ಗಂಟೆ ಹೆಚ್ಚಿಗೆ ಬರೆ.
ಪಕ್ಕದಲ್ಲೊಂದು ಟಿಪ್ಪಣಿ:
ತಾತ್ಕಾಲಿಕ, ಮುಂದಿನ ತಿಂಗಳು ತೆಗೆಯುವುದು.
ಆ ಮುಂದಿನ ತಿಂಗಳಿಗೆ ಈಗ ಹನ್ನೊಂದು ವರ್ಷ.

"ಮುಟ್ಟಬೇಡಿ" ಅಂದರು ಕೆದಿಲಾಯರು.
"ಇಪ್ಪತ್ತಾರು ವರ್ಷ ಆಯ್ತು ನನಗೆ.
ಜುಬೈಲ್ ನೋಡಿದ್ದೇನೆ, ಅಹ್ಮದಿ ನೋಡಿದ್ದೇನೆ,
ಈದ್ ಹಿಂದಿನ ರಾತ್ರಿ ಸಂಬಳ ಕೆಟ್ಟು ನಿಂತದ್ದೂ ನೋಡಿದ್ದೇನೆ.
ಕಾರಣ ಇಲ್ಲದೆ ಯಾರೂ ಬರೆಯುವುದಿಲ್ಲ ಮಾರಾಯ್ರೆ."

"ಕಾರಣ ಏನು ಸರ್?" ನೌಶೀರ್ ಕೇಳಿದ.
ಉಳ್ಳಾಲದ ಹುಡುಗ, ಬಂದು ಏಳು ತಿಂಗಳು,
ತೋಳು ಮಡಚಿದ ಶರ್ಟು, ಪೆನ್ನೇ ಇಲ್ಲದ ಜೇಬು.
"ಕೋಡಿನಲ್ಲಿಲ್ಲ, ದಾಖಲೆಯಲ್ಲಿಲ್ಲ,
ಒಂದು ಟೆಸ್ಟ್ ಸಹ ಇಲ್ಲ.
ನೀವು ಬಿದ್ದ ಗುಂಡಿಗೆ ಬೇಲಿ ಹಾಕದೆ ಹೋದರೆ
ನಾವೂ ಬಿದ್ದೇ ಕಲಿಯಬೇಕಾ?"

"ಬೇಲಿ ಹಾಕುವಷ್ಟು ಪುರುಸೊತ್ತು
ಆಗ ಯಾರು ಕೊಟ್ಟಿದ್ದರು?"
"ಈಗಲೂ ಯಾರೂ ಕೊಡುವುದಿಲ್ಲ ಸರ್, ಕದಿಯಬೇಕು."

ಮುಹನ್ನಾ, ನಮ್ಮ ಮುಖ್ಯಸ್ಥ, ಕನ್ನಡ ಬಾರದವ,
ದನಿಗಳ ಏರಿಳಿತದಲ್ಲೇ ಅರ್ಥ ಹುಡುಕುತ್ತ
ಕರಕ್ ಚಹಾದ ಕಾಗದದ ಲೋಟವನ್ನು
ಉಗುರಿನಲ್ಲಿ ಸುತ್ತ ಹರಿಯುತ್ತಿದ್ದ.

ಮೇಜಿನ ಕೊನೆಯಲ್ಲಿ ಕೂತಿದ್ದೆ ನಾನು,
ಫ್ಲೋರಿನ್ ಮೇಡಂ, ಟೆಸ್ಟಿಂಗ್ ವಿಭಾಗ,
ಸಭೆಯ ಟಿಪ್ಪಣಿ ಬರೆಯುವವಳು.
ಆ ಸಾಲನ್ನು ಬರೆದವಳು.

ದೇಶದ ರಜೆ ಗುರುವಾರದಿಂದ ಶನಿವಾರಕ್ಕೆ ಜಾರಿದ ವರ್ಷ.
ಗ್ಯಾಂಗ್ ಏಳೆಂದರೆ ಹಗ್ಗ ಕಟ್ಟುವವರು, ಹದಿನಾಲ್ಕು ಜನ,
ಗುರುವಾರ ಹಡಗಿಗೆ ನಿಂತರೆ ರಜೆಯ ದುಡಿಮೆ, ನಾಲ್ಕು ಕಾಸು ಹೆಚ್ಚು.
ರಾತ್ರೋರಾತ್ರಿ ಗುರುವಾರ ಬರೀ ಒಂದು ವಾರವಾಯಿತು.
ಮನೆಗೆ ಕಳಿಸುವ ದುಡ್ಡಿನ ಲೆಕ್ಕ
ಅವರು ಮೊದಲೇ ಮಾಡಿಯಾಗಿತ್ತು.
ಬಾಗಿಲಲ್ಲಿ ನಿಂತೇ ಹೇಳಿದ್ದ ಸೂಪರ್‌ವೈಸರ್:
"ಇವರಿಗೆ ಕಮ್ಮಿ ಆಗಬಾರದಮ್ಮ. ಹೊಸ ನಿಯಮ ಬರುವ ತನಕ."
ಅವನು ಸಲಾಲಾಕ್ಕೆ ಹೋದ. ನಿಯಮ ಬರಲಿಲ್ಲ.
ಕಾಗದವಿಲ್ಲದ ಆ ಮಾತು
ನನ್ನ ಒಂದು ಸಾಲಿನಲ್ಲಿ ಉಳಿದುಕೊಂಡಿತು,
ಪ್ರತಿ ಗುರುವಾರ ತಪ್ಪದೆ ತನ್ನನ್ನೇ ನಡೆಸಿಕೊಂಡಿತು.

ಹೇಳಿದೆ.

ಕೆದಿಲಾಯರ ಮುಖ ನೋಡಬಾರದಿತ್ತು.
ಕಾರಣ ಇದೆ ಎಂದವರಿಗೆ ಗೆಲುವೇನೋ ಹೌದು,
ಆದರೆ ಆ ಕಾರಣ ಅವರದಾಗಿರಲಿಲ್ಲ.
ಬೇರೆ ಯಾವುದನ್ನೋ, ತೆರಿಗೆಯನ್ನೋ ತಪಾಸಣೆಯನ್ನೋ,
ಇಷ್ಟು ವರ್ಷ ಕಾಯುತ್ತಿದ್ದರು ಅವರು.
ಖಾಲಿ ಬಾಟಲಿ ಹಿಡಿದು ನೀರಿಗೆಂದು ಎದ್ದು ಹೋದರು.

"ಈಗ ಎಷ್ಟು ಜನ ಇದ್ದಾರೆ?" ನೌಶೀರ್ ಕೇಳಿದ, ಮೆಲ್ಲಗೆ.
ಇಬ್ಬರು. ಒಬ್ಬ ಮೊಹರುದ್ದೀನ್, ಚಿತ್ತಗಾಂಗಿನವನು,
ಎಡಗೈಯ ಎರಡು ಬೆರಳು ಹಗ್ಗ ತಿಂದಿದೆ.
ಇನ್ನೊಬ್ಬನ ಹೆಸರು ತಕ್ಷಣ ಬಾಯಿಗೆ ಬರಲಿಲ್ಲ.

"ನಿಯಮದ ಪ್ರಕಾರ ಇದು ತಪ್ಪಲ್ವಾ ಮೇಡಂ?"
"ತಪ್ಪೇ."
ಅವನು ಅಳಿಸಲಿಲ್ಲ. ಟೆಸ್ಟ್ ಒಂದನ್ನು ತೆರೆದ,
ಹೆಸರಿನ ಜಾಗದಲ್ಲಿ ಮೊಹರುದ್ದೀನ್ ಎಂದು ಟೈಪಿಸಿದ,
ಗುರುವಾರ, ಎಂದ, ಎರಡು ಗಂಟೆ,
ಆಮೇಲೆ ಮುಹನ್ನಾನ ಕಡೆಗೆ ತಿರುಗಿ
ಅರಬಿ, ಇಂಗ್ಲಿಷ್ ಬೆರೆಸಿ ವಿವರಿಸತೊಡಗಿದ,
ಈ ಮಾತಿಗೊಂದು ಕಾಗದ ಬೇಕು, ಸಹಿ ಬೇಕು ಎಂದು.
ಮುಹನ್ನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಿಟಕಿಯಾಚೆ ಕ್ರೇನು ತಿರುಗಿತು.
ಬಾಟಲಿ ತುಂಬಿಸಿಕೊಂಡು ಕೆದಿಲಾಯರು ಮರಳಿದರು.
"ಮುಂದಿನ ಸಾಲು?" ಅಂದರು ಪರದೆ ನೋಡುತ್ತ.
"ಅದೂ ಮುಟ್ಟಬಾರದ್ದಾ ಫ್ಲೋರಿನ್?"

ನಾಲ್ಕು ಸಾವಿರದ ನೂರಾ ಎಂಟು.
ಅದೂ ನನ್ನದೇ. ನನ್ನದೇ ಇನಿಷಿಯಲ್, ಅದೇ ರಾತ್ರಿಯ ತಾರೀಕು.
ಯಾಕೆ ಬರೆದೆನೋ ದೇವರಾಣೆ ನೆನಪಿಲ್ಲ.

"ಸದ್ಯಕ್ಕೆ ಇರಲಿ" ಅಂದೆ.